ವಿಮಾನ ರದ್ದಾಯಿತು, ಟಿಕೆಟ್ ದುಡ್ಡು ವಾಪಸ್ ಬಂತು: ಪರಿಹಾರ ಬೇರೆ ಕೇಳಬಹುದೇ?

ಪ್ರಶ್ನೆ: ನಾವು ಹುಬ್ಬಳ್ಳಿಯವರು. ಅಪ್ಪ-ಅವ್ವ ಕಾಶಿಗೆ ಹೊರಟಿದ್ದರು. ಬೆಳಿಗ್ಗೆ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಒಂದು ವಿಮಾನ, ಸಂಜೆ ಬೆಂಗಳೂರಿನಿಂದ ವಾರಾಣಸಿಗೆ ಇನ್ನೊಂದು. ಎರಡೂ ಬೇರೆ ಬೇರೆ ಟಿಕೆಟ್. ಹೊರಡುವ ನಾಲ್ಕು ಗಂಟೆ ಮೊದಲು ‘ಆಪರೇಷನಲ್ ಕಾರಣದಿಂದ ನಿಮ್ಮ ವಿಮಾನ ರದ್ದಾಗಿದೆ’ ಅಂತ ಎಸ್‌ಎಂಎಸ್ ಬಂತು. ಬದಲಿ ವಿಮಾನ ಮರುದಿನ ಅಂದರು. ಮರುದಿನ ಹೋದರೆ ಕಾಶಿಯ ವಿಮಾನ ತಪ್ಪುತ್ತಿತ್ತು. ಹಾಗಾಗಿ 9,800 ರೂಪಾಯಿ ಕೊಟ್ಟು ಟ್ಯಾಕ್ಸಿ ಮಾಡಿಸಿ ಕಳಿಸಿದೆ. ಮೊಣಕಾಲು ನೋವಿರುವ ಅವ್ವ ಎಂಟು ಗಂಟೆ ಕಾರಿನಲ್ಲಿ ಕೂತು ಹೋದರು. ಟಿಕೆಟ್ ಹಣ 7,200 ವಾಪಸ್ ಬಂದಿದೆ. ಪರಿಹಾರ ಕೇಳಿದರೆ ಕಾಲ್ ಸೆಂಟರ್‌ನವರು ‘ಹವಾಮಾನ ಸರಿ ಇರಲಿಲ್ಲ, ರೀಫಂಡ್ ಕೊಟ್ಟಾಯ್ತಲ್ಲ’ ಅಂತಾರೆ. ಅದೇ ತಿಂಗಳು ನನ್ನ ತಂಗಿ ಫ್ರಾಂಕ್‌ಫರ್ಟ್‌ನಿಂದ ಬೆಂಗಳೂರಿಗೆ ಬಂದ ವಿಮಾನವೂ ಐದು ಗಂಟೆ ತಡವಾಗಿ ಇಳಿಯಿತು. ತಾಂತ್ರಿಕ ದೋಷ ಅಂದು ಊಟದ ಕೂಪನ್ ಕೊಟ್ಟರಂತೆ. ಇಬ್ಬರಲ್ಲಿ ಯಾರಿಗಾದರೂ ಪರಿಹಾರ ಸಿಗುತ್ತದೆಯೇ? ವಕೀಲರನ್ನು ಹಿಡಿಯಬೇಕಾ?

ಉತ್ತರ: ಇಬ್ಬರೂ ಕೇಳಬಹುದು. ವಕೀಲರು ಸದ್ಯಕ್ಕೆ ಬೇಡ. ಆದರೆ ಎರಡೂ ಪ್ರಕರಣಕ್ಕೆ ಅನ್ವಯಿಸುವ ನಿಯಮ ಬೇರೆ, ಸಿಗುವ ಮೊತ್ತದಲ್ಲಿ ಅಜಗಜಾಂತರ ವ್ಯತ್ಯಾಸ. ತಂಗಿಯ ಪ್ರಕರಣ ತುಂಬಾ ಗಟ್ಟಿ ಇದೆ. ಅಪ್ಪ-ಅವ್ವನ ಪ್ರಕರಣ ಒಂದೇ ಒಂದು ಪ್ರಶ್ನೆಯ ಮೇಲೆ ನಿಂತಿದೆ: ವಿಮಾನ ರದ್ದಾಗಿದ್ದು ನಿಜವಾಗಿ ಯಾಕೆ?

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದೇ ಅದು. ಎಸ್‌ಎಂಎಸ್‌ನಲ್ಲಿ ‘ಆಪರೇಷನಲ್ ಕಾರಣ’ ಅಂತಿದೆ. ನೀವು ಪರಿಹಾರ ಕೇಳಿದ ಮೇಲೆ ಅದು ‘ಹವಾಮಾನ’ ಆಯಿತು. ಯಾಕೆ ಹೀಗೆ ಬದಲಾಗುತ್ತದೆ ಅಂತ ಗೊತ್ತಾಗಬೇಕಾದರೆ ನಮ್ಮ ದೇಶದ ನಿಯಮ ಏನು ಹೇಳುತ್ತದೆ ಅಂತ ನೋಡಬೇಕು.

ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಪ್ರಯಾಣಿಕರ ಸೌಲಭ್ಯದ ಬಗ್ಗೆ ಒಂದು ನಿಯಮ ಹೊರಡಿಸಿದೆ. 2010ರಲ್ಲಿ ಬಂದದ್ದು, ಆಮೇಲೆ ಹಲವು ಸಲ ತಿದ್ದುಪಡಿ ಆಗಿದೆ. ಸೆಕ್ಷನ್ 3, ಸೀರೀಸ್ ಎಂ, ಪಾರ್ಟ್ 4 ಅಂತ ಅದರ ಹೆಸರು. ಡಿಜಿಸಿಎ ವೆಬ್‌ಸೈಟ್‌ನಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ದೂರು ಬರೆಯುವ ಮೊದಲು ಆ ದಿನಕ್ಕೆ ಜಾರಿಯಲ್ಲಿರುವ ಪ್ರತಿಯನ್ನು ಒಮ್ಮೆ ಓದಿ. ಕೆಲವೇ ಪುಟ, ಓದೋದು ಕಷ್ಟವಿಲ್ಲ. ಕಾಲ್ ಸೆಂಟರ್‌ನವರ ಹತ್ತಿರ ಮಾತಾಡುವಾಗ ಈ ಹೆಸರು ಹೇಳಿ ನೋಡಿ, ಮಾತಿನ ಧಾಟಿ ಬದಲಾಗುತ್ತದೆ.

ಆ ನಿಯಮದ ಪ್ರಕಾರ ರದ್ದು ಮಾಡುವ ವಿಷಯವನ್ನು ಎರಡು ವಾರ ಮೊದಲೇ ತಿಳಿಸಿ, ಬದಲಿ ವಿಮಾನ ಅಥವಾ ರೀಫಂಡ್ ಕೊಟ್ಟರೆ ಏರ್‌ಲೈನ್ ಬೇರೆ ಪರಿಹಾರ ಕೊಡಬೇಕಿಲ್ಲ. ಎರಡು ವಾರದ ಒಳಗೆ, ಆದರೆ 24 ಗಂಟೆಗೂ ಮೊದಲು ತಿಳಿಸಿದರೆ ಪ್ರಯಾಣಿಕರಿಗೆ ಒಪ್ಪಿಗೆಯಾಗುವ ಬದಲಿ ವಿಮಾನ ಅಥವಾ ರೀಫಂಡ್ ಕೊಡಬೇಕು. ಅದಕ್ಕಿಂತಲೂ ತಡವಾಗಿ, ನಿಮಗಾದ ಹಾಗೆ ನಾಲ್ಕು ಗಂಟೆ ಮೊದಲು ತಿಳಿಸಿದರೆ? ಆಗ ಪ್ರಯಾಣಿಕರು ಒಪ್ಪುವ ಬದಲಿ ವಿಮಾನ ಕೊಡಬೇಕು. ಇಲ್ಲವಾದರೆ ಪೂರ್ತಿ ರೀಫಂಡ್ ಜೊತೆಗೆ ಪರಿಹಾರವನ್ನೂ ಕೊಡಬೇಕು. ‘ಜೊತೆಗೆ’ ಅನ್ನುವುದನ್ನು ಗಮನಿಸಿ. ರೀಫಂಡ್ ಅಂದರೆ ಮಾಡದ ಕೆಲಸಕ್ಕೆ ತೆಗೆದುಕೊಂಡಿದ್ದ ಹಣ ವಾಪಸ್ ಕೊಡುವುದು. ಅದು ಪರಿಹಾರ ಅಲ್ಲ. ‘ರೀಫಂಡ್ ಕೊಟ್ಟಾಯ್ತಲ್ಲ’ ಅನ್ನುವ ಉತ್ತರವನ್ನು ನೀವು ಒಪ್ಪಬೇಕಾಗಿಲ್ಲ.

ಈ ಕಾರಣಕ್ಕೇ ನೀವು ಮರುದಿನದ ವಿಮಾನ ಬೇಡ ಅಂದದ್ದು ಕಾನೂನಿನ ಕಣ್ಣಲ್ಲಿ ಒಳ್ಳೆಯದೇ ಆಯಿತು. ಬದಲಿ ವಿಮಾನವನ್ನು ಒಪ್ಪಿ ಹತ್ತಿದವರು ಆಮೇಲೆ ಈ ಹಣ ಕೇಳುವುದು ಕಷ್ಟ.

ಇನ್ನು ಎಷ್ಟು ಸಿಗುತ್ತದೆ ಅನ್ನುವ ಲೆಕ್ಕ. ಇಲ್ಲಿ ಪತ್ರಿಕೆಗಳ ತಲೆಬರಹ ನೋಡಿ ಜನ ಮೋಸ ಹೋಗುತ್ತಾರೆ. ‘ವಿಮಾನ ರದ್ದಾದರೆ 10,000 ರೂಪಾಯಿ’ ಅಂತ ಬರೆದಿರುತ್ತಾರೆ. 10,000 ಅನ್ನುವುದು ಮೇಲಿನ ಮಿತಿ, ಎಲ್ಲರಿಗೂ ಸಿಗುವ ಹಣವಲ್ಲ. ಹಾರಾಟದ ಅವಧಿ ಒಂದು ಗಂಟೆಯವರೆಗೆ ಇದ್ದರೆ ಮಿತಿ 5,000. ಒಂದರಿಂದ ಎರಡು ಗಂಟೆ ಇದ್ದರೆ 7,500. ಎರಡು ಗಂಟೆಗಿಂತ ಜಾಸ್ತಿ ಇದ್ದರೆ 10,000. ಅಷ್ಟೇ ಅಲ್ಲ, ಈ ಮಿತಿ ಮತ್ತು ‘ಒಂದು ಕಡೆಯ ಬೇಸಿಕ್ ಫೇರ್ ಹಾಗೂ ಇಂಧನ ಶುಲ್ಕ’, ಈ ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಮಾತ್ರ. ಅವಧಿ ಅಂದರೆ ಟಿಕೆಟ್‌ನಲ್ಲಿ ಹೊರಡುವ ಮತ್ತು ತಲುಪುವ ಹೊತ್ತಿನ ನಡುವಿನ ಅಂತರ ಅಂದುಕೊಳ್ಳಿ, ಆಕಾಶದಲ್ಲಿ ಹಾರಿದ ಹೊತ್ತಲ್ಲ.

ನೀವು ಕಳಿಸಿದ ಟಿಕೆಟ್ ಪ್ರತಿ ನೋಡಿದೆ. ಒಬ್ಬರಿಗೆ 3,600 ರೂಪಾಯಿ. ಕೆಳಗೆ ಸಣ್ಣ ಅಕ್ಷರದಲ್ಲಿ ಅದನ್ನು ಬಿಡಿಸಿ ಕೊಟ್ಟಿದ್ದಾರೆ: ಬೇಸ್ ಫೇರ್ 2,650, ಉಳಿದದ್ದು ವಿಮಾನ ನಿಲ್ದಾಣದ ಬಳಕೆ ಶುಲ್ಕ, ಭದ್ರತಾ ಶುಲ್ಕ, ಜಿಎಸ್‌ಟಿ ಇತ್ಯಾದಿ. ಇಂಧನ ಶುಲ್ಕದ ಸಾಲು ಇಲ್ಲ. ಹಾರಾಟದ ಅವಧಿ ಒಂದು ಗಂಟೆ ಹತ್ತು ನಿಮಿಷ, ಹಾಗಾಗಿ ಮಿತಿ 7,500. ಬೇಸ್ ಫೇರ್ ಅದಕ್ಕಿಂತ ಕಡಿಮೆ. ಅಲ್ಲಿಗೆ ನಿಯಮದ ಪ್ರಕಾರ ಒಬ್ಬರಿಗೆ 2,650, ಇಬ್ಬರಿಗೆ 5,300 ರೂಪಾಯಿ. ಇದು ನೀವು ಅಂದುಕೊಂಡದ್ದಕ್ಕಿಂತ ಕಡಿಮೆ ಅಂತ ನನಗೆ ಗೊತ್ತು. ಆದರೆ ಸರಿಯಾದ ಅಂಕಿ ಇಟ್ಟು ಕೇಳಿದವರ ಮಾತಿಗೆ ತೂಕ ಜಾಸ್ತಿ.

ಈಗ ಹವಾಮಾನದ ಮಾತಿಗೆ ಬರೋಣ. ಏರ್‌ಲೈನ್‌ನ ಕೈಮೀರಿದ ಅಸಾಧಾರಣ ಸಂದರ್ಭದಲ್ಲಿ ಪರಿಹಾರ ಕೊಡಬೇಕಾಗಿಲ್ಲ ಅಂತ ಅದೇ ನಿಯಮ ಹೇಳುತ್ತದೆ. ಹವಾಮಾನ, ಏರ್ ಟ್ರಾಫಿಕ್ ಕಂಟ್ರೋಲ್‌ನ ಅಡಚಣೆ, ಭದ್ರತೆಯ ಭೀತಿ, ಪ್ರವಾಹ, ದಂಗೆ, ಸರ್ಕಾರದ ಆದೇಶ, ಮುಷ್ಕರ ಇವೆಲ್ಲ ಅದರಲ್ಲಿ ಬರುತ್ತವೆ. ಪೈಲಟ್ ಸಿಗಲಿಲ್ಲ, ಹಿಂದಿನ ಊರಿನಿಂದ ವಿಮಾನ ಬರಲಿಲ್ಲ, ಸೀಟು ತುಂಬಲಿಲ್ಲ ಅನ್ನುವ ಕಾರಣಗಳು ಆ ಪಟ್ಟಿಯಲ್ಲಿಲ್ಲ. 2025ರ ಡಿಸೆಂಬರ್ ಮೊದಲ ವಾರ ಇಂಡಿಗೋದ ಸಾವಿರಾರು ವಿಮಾನ ರದ್ದಾದದ್ದು ನೆನಪಿರಬಹುದು. ಪೈಲಟ್‌ಗಳ ಕೆಲಸದ ಅವಧಿ ಮತ್ತು ವಿಶ್ರಾಂತಿಯ ಹೊಸ ನಿಯಮಕ್ಕೆ ತಕ್ಕಷ್ಟು ಸಿಬ್ಬಂದಿ ಹೊಂದಿಸಿಕೊಳ್ಳಲಿಲ್ಲ ಅನ್ನುವುದು ಅಲ್ಲಿ ಮುಖ್ಯ ಕಾರಣ. ಹೊಸ ನಿಯಮ ಬರುತ್ತದೆ ಅಂತ ಎಷ್ಟೋ ಮೊದಲೇ ಗೊತ್ತಿತ್ತು. ಮೊದಲೇ ಗೊತ್ತಿದ್ದ ಸಂಗತಿ ಕೈಮೀರಿದ್ದು ಹೇಗಾಗುತ್ತದೆ? ‘ಆಪರೇಷನಲ್ ಕಾರಣ’ ಅನ್ನುವ ಎರಡು ಪದದ ಹಿಂದೆ ಬಹಳ ಸಲ ಇಂಥದ್ದೇ ಇರುತ್ತದೆ.

ಹವಾಮಾನ ಅಂತ ಬಾಯಲ್ಲಿ ಹೇಳಿದರೆ ಸಾಲದು, ತೋರಿಸಬೇಕು. ವಿಮಾನ ನಿಲ್ದಾಣಗಳ ಹವಾಮಾನ ವರದಿ ಗಂಟೆಗೋ ಅರ್ಧ ಗಂಟೆಗೋ ಒಮ್ಮೆ ದಾಖಲಾಗುತ್ತದೆ, ಅದಕ್ಕೆ ಮೆಟಾರ್ ಅಂತಾರೆ. ಹಳೆಯ ವರದಿಗಳನ್ನು ಕೂಡಿಟ್ಟ ವೆಬ್‌ಸೈಟ್‌ಗಳಿವೆ. ಮೋಡ ಎಷ್ಟು ಕೆಳಗಿತ್ತು, ಎಷ್ಟು ದೂರ ಕಾಣುತ್ತಿತ್ತು ಅಂತ ಅದರಲ್ಲಿ ಇರುತ್ತದೆ. ಅದಕ್ಕಿಂತ ಸುಲಭದ ದಾರಿ: ಅದೇ ಹೊತ್ತಿಗೆ ಅದೇ ನಿಲ್ದಾಣದಲ್ಲಿ ಬೇರೆ ವಿಮಾನಗಳು ಇಳಿದವಾ, ಹಾರಿದವಾ ಅಂತ ನೋಡುವುದು. ಫ್ಲೈಟ್‌ರೇಡಾರ್24 ಥರದ ಆ್ಯಪ್‌ಗಳಲ್ಲಿ ಹಿಂದಿನ ಕೆಲವು ದಿನದ ದಾಖಲೆ ಪುಕ್ಕಟೆ ಸಿಗುತ್ತದೆ, ಆಮೇಲೆ ದುಡ್ಡು ಕೇಳುತ್ತಾರೆ. ಹಾಗಾಗಿ ಇಂಥ ಕೆಲಸ ಅದೇ ವಾರ ಆಗಬೇಕು. ಆ ದಿನ ಬೆಳಿಗ್ಗೆ ಹುಬ್ಬಳ್ಳಿಗೆ ಇನ್ನೊಂದು ವಿಮಾನ ಬಂದು ಹೋಗಿದ್ದರೆ, ಅದರ ಒಂದು ಸ್ಕ್ರೀನ್‌ಶಾಟ್ ನಿಮ್ಮ ಹತ್ತು ಫೋನ್ ಕರೆಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಹವಾಮಾನ ನಿಜವಾಗಿಯೂ ಕೆಟ್ಟಿದ್ದರೆ ಏನು ಅಂತಲೂ ಹೇಳಿಬಿಡುತ್ತೇನೆ. 2007ರ ಡಿಸೆಂಬರ್‌ನಲ್ಲಿ ದೆಹಲಿಯಿಂದ ಹೈದರಾಬಾದ್‌ಗೆ ಹೊರಟಿದ್ದ ಇಂಡಿಗೋ ಪ್ರಯಾಣಿಕರೊಬ್ಬರು ಮಂಜಿನಿಂದಾಗಿ ಸುಮಾರು ಹನ್ನೊಂದು ಗಂಟೆ ವಿಮಾನದ ಒಳಗೇ ಕೂರಬೇಕಾಯಿತು. ಕೆಳಗಿನ ಹಂತದಲ್ಲಿ ಅವರಿಗೆ ಪರಿಹಾರ ಸಿಕ್ಕಿತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಮಂಜಿನ ತಡಕ್ಕೆ ಏರ್‌ಲೈನ್ ಹೊಣೆಯಲ್ಲ ಅಂದಿತು. ಆದರೆ ಕಡಿಮೆ ದರದ ವಿಮಾನವೇ ಆದರೂ ಹೊತ್ತುಗಟ್ಟಲೆ ಒಳಗೆ ಕೂರಿಸಿಕೊಂಡಾಗ ಊಟ, ನೀರಿನಂಥ ಕನಿಷ್ಠ ಸೌಕರ್ಯ ಕೊಡಲೇಬೇಕು ಅಂತಲೂ ಹೇಳಿತು. ಮಂಜು, ಬಿರುಗಾಳಿ ನಿಜವಾಗಿದ್ದರೆ ಪರಿಹಾರಕ್ಕೆ ಓಡಾಡಿ ಸುಸ್ತಾಗಬೇಡಿ. ಊಟ, ರೀಫಂಡ್ ಮಾತ್ರ ಗಟ್ಟಿಯಾಗಿ ಕೇಳಿ.

ಟ್ಯಾಕ್ಸಿ ಖರ್ಚಿನ ವಿಷಯಕ್ಕೆ ಬರುತ್ತೇನೆ. ಡಿಜಿಸಿಎ ನಿಯಮದಲ್ಲಿ ಇದಕ್ಕೆ ಜಾಗವಿಲ್ಲ. ಇದನ್ನು ಕೇಳಬೇಕಾದ್ದು ಗ್ರಾಹಕ ಆಯೋಗದಲ್ಲಿ, ಸೇವಾ ನ್ಯೂನತೆ ಅಂತ. ಇಲ್ಲಿ ನಿಮಗೆ ಕೆಲಸಕ್ಕೆ ಬರುವ ತೀರ್ಪು ವಿಮಾನದ್ದಲ್ಲ, ರೈಲಿನದು. 2016ರಲ್ಲಿ ಒಂದು ಕುಟುಂಬ ಅಜ್ಮೀರ್-ಜಮ್ಮು ಎಕ್ಸ್‌ಪ್ರೆಸ್‌ನಲ್ಲಿ ಜಮ್ಮುವಿಗೆ ಹೊರಟಿತ್ತು. ಅಲ್ಲಿಂದ ಮಧ್ಯಾಹ್ನ ಶ್ರೀನಗರಕ್ಕೆ ವಿಮಾನ. ರೈಲು ನಾಲ್ಕು ಗಂಟೆ ತಡವಾಗಿ ವಿಮಾನ ತಪ್ಪಿತು, ಅವರು ಟ್ಯಾಕ್ಸಿ ಮಾಡಿಕೊಂಡು ಹೋದರು. ಟ್ಯಾಕ್ಸಿಗೆ 15,000, ಬುಕಿಂಗ್ ಖರ್ಚಿಗೆ 10,000, ಮಾನಸಿಕ ಯಾತನೆ ಮತ್ತು ವ್ಯಾಜ್ಯದ ಖರ್ಚಿಗೆ ತಲಾ 5,000 ಕೊಡಬೇಕು ಅಂತ ಗ್ರಾಹಕ ವೇದಿಕೆ ಹೇಳಿತು. 2021ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ತಡಕ್ಕೆ ಕಾರಣ ಏನು, ಅದು ಯಾಕೆ ಕೈಮೀರಿದ್ದು ಅಂತ ರೈಲ್ವೆ ಸಾಕ್ಷಿ ಸಮೇತ ವಿವರಿಸಬೇಕು, ಇಲ್ಲವಾದರೆ ಹೊಣೆ ಹೊರಬೇಕು ಅನ್ನುವುದು ಆ ತೀರ್ಪಿನ ತಿರುಳು. ಏರ್‌ಲೈನ್‌ಗೂ ಇದೇ ಮಾತನ್ನು ಮುಂದಿಡಬಹುದು.

ಆದರೆ ಲೆಕ್ಕ ನೇರವಾಗಿರಲಿ. ಟ್ಯಾಕ್ಸಿಗೆ 9,800 ಹೋಯಿತು, ಟಿಕೆಟ್‌ನ 7,200 ವಾಪಸ್ ಬಂತು. ನಿಜವಾಗಿ ಕೈಯಿಂದ ಹೆಚ್ಚು ಹೋದದ್ದು 2,600. ಟ್ಯಾಕ್ಸಿಯ ಪೂರ್ತಿ ಹಣ ಕೇಳಿದರೆ ಎದುರು ವಕೀಲರು ಮೊದಲ ದಿನವೇ ಇದನ್ನು ಎತ್ತುತ್ತಾರೆ. 5,300 ಮತ್ತು 2,600 ಸೇರಿ 7,900 ಕೇಳಿ. ಅದರ ಮೇಲೆ ನಿಮ್ಮ ಅವ್ವನಿಗೆ ಆದ ತೊಂದರೆಗೆ ಒಂದು ಮೊತ್ತ, ದೂರಿನ ಖರ್ಚಿಗೆ ಒಂದು ಮೊತ್ತ. ಮೊಣಕಾಲು ನೋವಿನ ವೈದ್ಯರ ಚೀಟಿ ಇದ್ದರೆ ಲಗತ್ತಿಸಿ. ಮೂರು ಗಂಟೆ ತಡಕ್ಕೆ ಹತ್ತು ಲಕ್ಷ ಕೇಳುವವರನ್ನು ನೋಡಿದ್ದೇನೆ. ಅಂಥ ಅರ್ಜಿಯಲ್ಲಿರುವ ನ್ಯಾಯವಾದ ಬೇಡಿಕೆಯೂ ಹಗುರವಾಗಿ ಕಾಣುತ್ತದೆ.

ಒಂದು ಸಮಾಧಾನ ಏನೆಂದರೆ ಕಾಶಿಯ ವಿಮಾನ ತಪ್ಪಲಿಲ್ಲ. ತಪ್ಪಿದ್ದರೆ ಎರಡು ಬೇರೆ ಟಿಕೆಟ್ ಅನ್ನುವುದು ದೊಡ್ಡ ತಲೆನೋವಾಗುತ್ತಿತ್ತು. ಒಂದೇ ಟಿಕೆಟ್ ನಂಬರಿನಲ್ಲಿರುವ ಮುಂದಿನ ವಿಮಾನ ತಪ್ಪಿದರೆ ಮಾತ್ರ ಡಿಜಿಸಿಎ ನಿಯಮ ಕೈಹಿಡಿಯುತ್ತದೆ. ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ, ಮಂಗಳೂರು, ಶಿವಮೊಗ್ಗದಿಂದ ಬೆಂಗಳೂರು ದಾಟಿ ಮುಂದೆ ಹೋಗುವವರು ಇದನ್ನು ಬುಕ್ ಮಾಡುವಾಗಲೇ ಯೋಚಿಸಬೇಕು. ಬೇರೆ ಬೇರೆ ಟಿಕೆಟ್ ತೆಗೆದರೆ ಐನೂರೋ ಸಾವಿರವೋ ರೂಪಾಯಿ ಉಳಿಯಬಹುದು. ಮೊದಲನೆಯದು ಕೈಕೊಟ್ಟರೆ ಎರಡನೆಯದರ ಹೊಣೆ ಯಾರೂ ಹೊರುವುದಿಲ್ಲ.

ಇನ್ನೊಂದು ವಿಷಯ ನಮ್ಮ ಕಡೆ ಬಹಳ ಜನರಿಗೆ ಏಟು ಕೊಡುತ್ತದೆ. ಬುಕ್ ಮಾಡುವಾಗ ಸರಿಯಾದ ಫೋನ್ ನಂಬರ್, ಇಮೇಲ್ ಕೊಡದವರಿಗೆ ರದ್ದತಿಯ ಪರಿಹಾರ ಇಲ್ಲ ಅಂತ ನಿಯಮದಲ್ಲೇ ಇದೆ. ಊರಿನ ಏಜೆಂಟರು ಎಷ್ಟೋ ಸಲ ತಮ್ಮ ಅಂಗಡಿಯ ನಂಬರನ್ನೇ ಹಾಕಿಬಿಡುತ್ತಾರೆ. ಎಸ್‌ಎಂಎಸ್ ಅಲ್ಲಿಗೆ ಹೋಗುತ್ತದೆ, ಪ್ರಯಾಣಿಕರು ನಿಲ್ದಾಣಕ್ಕೆ ಬಂದ ಮೇಲೆ ವಿಷಯ ಗೊತ್ತಾಗುತ್ತದೆ. ಟಿಕೆಟ್ ಕೈಗೆ ಬಂದ ತಕ್ಷಣ ಏರ್‌ಲೈನ್ ವೆಬ್‌ಸೈಟ್‌ನಲ್ಲಿ ಪಿಎನ್‌ಆರ್ ಹಾಕಿ ನಿಮ್ಮ ನಂಬರ್ ಇದೆಯಾ ನೋಡಿ, ಇಲ್ಲದಿದ್ದರೆ ಸೇರಿಸಿ. ಏಜೆಂಟರ ಮೂಲಕ ಕೊಂಡಿದ್ದರೂ ರೀಫಂಡ್ ಕೊಡಿಸುವ ಜವಾಬ್ದಾರಿ ಏರ್‌ಲೈನ್‌ದೇ. ರೀಫಂಡನ್ನು ಕ್ರೆಡಿಟ್ ಶೆಲ್‌ನಲ್ಲಿ, ಅಂದರೆ ಮುಂದಿನ ಪ್ರಯಾಣಕ್ಕೆ ಬಳಸುವ ಜಮೆಯಾಗಿ ಇಟ್ಟುಕೊಳ್ಳುವುದು ನಿಮ್ಮ ಇಷ್ಟ. ಅವರು ಹಾಗೆ ಒತ್ತಾಯ ಮಾಡುವಂತಿಲ್ಲ.

ತಡವಾದ ವಿಮಾನಗಳ ಬಗ್ಗೆಯೂ ಹೇಳಬೇಕು, ಯಾಕೆಂದರೆ ನನಗೆ ಬರುವ ಪತ್ರಗಳಲ್ಲಿ ಅರ್ಧ ಅವೇ. ಡಿಜಿಸಿಎ ನಿಯಮದಲ್ಲಿ ತಡಕ್ಕೆ ನಗದು ಪರಿಹಾರ ಇಲ್ಲ. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಐದೂವರೆ ಗಂಟೆ ಕೂತವರಿಗೆ ಒಂದು ಊಟದ ಪೊಟ್ಟಣ ಕೊಟ್ಟು ಏರ್‌ಲೈನ್ ಕೈತೊಳೆದುಕೊಳ್ಳಬಹುದು. ಇರುವ ಹಕ್ಕುಗಳನ್ನಾದರೂ ಬಿಡಬೇಡಿ. ಎರಡೂವರೆ ಗಂಟೆಯವರೆಗಿನ ಹಾರಾಟ ಎರಡು ಗಂಟೆ ತಡವಾದರೆ ಊಟ ತಿಂಡಿ ಕೊಡಬೇಕು. ಎರಡೂವರೆಯಿಂದ ಐದು ಗಂಟೆಯ ಹಾರಾಟಕ್ಕೆ ಮೂರು ಗಂಟೆ, ಅದಕ್ಕೂ ಉದ್ದದ್ದಕ್ಕೆ ನಾಲ್ಕು ಗಂಟೆ ತಡವಾದಾಗ ಈ ಹಕ್ಕು ಬರುತ್ತದೆ. ದೇಶದೊಳಗಿನ ವಿಮಾನ ಆರು ಗಂಟೆಗಿಂತ ಜಾಸ್ತಿ ತಡ ಅಂತಾದರೆ ಆರು ಗಂಟೆಯೊಳಗಿನ ಬೇರೆ ವಿಮಾನ ಅಥವಾ ಪೂರ್ತಿ ರೀಫಂಡ್, ಆಯ್ಕೆ ನಿಮ್ಮದು. 24 ಗಂಟೆ ಮೀರಿದರೆ, ಅಥವಾ ರಾತ್ರಿ 8ರಿಂದ ಬೆಳಗಿನ ಜಾವ 3ರ ನಡುವೆ ಹೊರಡಬೇಕಿದ್ದ ವಿಮಾನ ಆರು ಗಂಟೆ ಮೀರಿ ತಡವಾದರೆ ಹೋಟೆಲ್ ಮತ್ತು ಅಲ್ಲಿಗೆ ಹೋಗಿಬರುವ ವಾಹನ ಅವರ ಖರ್ಚು. ನೀವು ಸರಿಯಾದ ಹೊತ್ತಿಗೆ ಚೆಕ್-ಇನ್ ಆಗಿರಬೇಕು, ಅಷ್ಟೇ.

ತೊಂದರೆ ಇರುವುದು ಬೋರ್ಡ್ ಮೇಲೆ. ಒಮ್ಮೆಗೇ ಏಳು ಗಂಟೆ ತಡ ಅಂತ ಹಾಕುವುದಿಲ್ಲ. ಮೊದಲು ಒಂದು ಗಂಟೆ, ಆಮೇಲೆ ಇನ್ನೊಂದು, ಆಮೇಲೆ ಮತ್ತೊಂದೂವರೆ. ಪ್ರತಿ ಸಲ ಬೋರ್ಡ್ ಬದಲಾದಾಗ ಒಂದು ಫೋಟೊ ತೆಗೆಯಿರಿ. ಬಂದ ಎಸ್‌ಎಂಎಸ್ ಯಾವುದನ್ನೂ ಅಳಿಸಬೇಡಿ. ಮೂಲ ಸಮಯದಿಂದ ಎಣಿಸಿ ಆರು ಗಂಟೆ ದಾಟಿತು ಅಂತಾದ ಕೂಡಲೇ ಕೌಂಟರಿಗೆ ಹೋಗಿ ರೀಫಂಡ್ ಬೇಕೋ, ಬೇರೆ ವಿಮಾನ ಬೇಕೋ ಹೇಳಿ. ತಡಕ್ಕೆ, ರದ್ದತಿಗೆ ಏನು ಕಾರಣ ಅಂತ ಅಲ್ಲೇ ಲಿಖಿತವಾಗಿ ಕೇಳಿ. ಕೊಡುವುದಿಲ್ಲ ಅಂದರೆ ಅಲ್ಲಿಂದಲೇ ಕಸ್ಟಮರ್ ಕೇರ್‌ಗೆ ಒಂದು ಮೇಲ್ ಹಾಕಿ: ‘ಇಂಥ ವಿಮಾನ, ಇಷ್ಟು ಹೊತ್ತಿಗೆ, ಕೌಂಟರಿನವರು ಈ ಕಾರಣ ಹೇಳಿದರು, ಇದು ಸರಿಯೇ ತಿಳಿಸಿ.’ ಆ ಮೇಲ್‌ನ ಸಮಯವೇ ನಿಮ್ಮ ಸಾಕ್ಷಿ. ವಾರ ಕಳೆದ ಮೇಲೆ ಕಾರಣ ಕೇಳಿದರೆ ನಿಮಗಾದ ಹಾಗೆ ಇನ್ನೊಂದು ಕಾರಣ ಹುಟ್ಟಿಕೊಳ್ಳುತ್ತದೆ.

ಸೀಟಿಗಿಂತ ಹೆಚ್ಚು ಟಿಕೆಟ್ ಮಾರಿ ನಿಮ್ಮನ್ನು ಹತ್ತಿಸದೆ ಬಿಟ್ಟರೆ ಲೆಕ್ಕ ಬೇರೆ, ಅಲ್ಲಿ ಹಣವೂ ಜಾಸ್ತಿ. ಒಂದು ಗಂಟೆಯೊಳಗೆ ಹೊರಡುವ ಬೇರೆ ವಿಮಾನ ಕೊಟ್ಟರೆ ಏನೂ ಇಲ್ಲ. 24 ಗಂಟೆಯೊಳಗಿನದು ಕೊಟ್ಟರೆ ಬೇಸಿಕ್ ಫೇರ್‌ನ ಎರಡು ಪಟ್ಟು ಮತ್ತು ಇಂಧನ ಶುಲ್ಕ, 10,000 ಮೀರದಂತೆ. ಅದಕ್ಕೂ ತಡವಾದರೆ, ಅಥವಾ ನೀವು ಬೇರೆ ವಿಮಾನವೇ ಬೇಡ ಅಂದರೆ, ನಾಲ್ಕು ಪಟ್ಟು, 20,000 ಮೀರದಂತೆ. ಬೇಡ ಅಂದವರಿಗೆ ಟಿಕೆಟ್ ಹಣವೂ ವಾಪಸ್.

ಈಗ ನಿಮ್ಮ ತಂಗಿಯ ವಿಷಯ. ಅವರಿಗೆ ಬರಬೇಕಾದ್ದು 600 ಯೂರೋ. ಒಂದು ಊಟದ ಕೂಪನ್ ಹಿಡಿದುಕೊಂಡು ಮನೆಗೆ ಬಂದಿದ್ದಾರೆ!

ಯೂರೋಪಿಯನ್ ಒಕ್ಕೂಟದಲ್ಲಿ 261/2004 ಅನ್ನುವ ನಿಯಮ 2005ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಒಕ್ಕೂಟದ ಯಾವುದೇ ನಿಲ್ದಾಣದಿಂದ ಹೊರಟ ವಿಮಾನಕ್ಕೆ, ಅದು ಯಾವ ದೇಶದ ಏರ್‌ಲೈನ್ ಆದರೂ, ಇದು ಅನ್ವಯಿಸುತ್ತದೆ. ಒಕ್ಕೂಟಕ್ಕೆ ಹೋಗುವ ವಿಮಾನವಾದರೆ ಅದು ಒಕ್ಕೂಟದ ಏರ್‌ಲೈನ್ ಆಗಿರಬೇಕು. ಅಂದರೆ ಬೆಂಗಳೂರಿನಿಂದ ಲುಫ್ತಾನ್ಸಾ, ಏರ್ ಫ್ರಾನ್ಸ್, ಕೆಎಲ್‌ಎಂನಲ್ಲಿ ಹೋದರೆ ಎರಡೂ ದಿಕ್ಕಿಗೆ ರಕ್ಷಣೆ ಇದೆ. ನಮ್ಮ ದೇಶದ ಅಥವಾ ಕೊಲ್ಲಿ ದೇಶಗಳ ಏರ್‌ಲೈನ್‌ನಲ್ಲಿ ಹೋದರೆ ವಾಪಸ್ ಬರುವಾಗ ಮಾತ್ರ. ಪ್ರಯಾಣಿಕರು ಯಾವ ದೇಶದವರು, ಯಾವ ವೀಸಾ ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ.

ನಿಯಮದ ಅಕ್ಷರದಲ್ಲಿ ಹಣ ಇದ್ದದ್ದು ರದ್ದತಿಗೆ ಮತ್ತು ಹತ್ತಿಸದೆ ಬಿಟ್ಟದ್ದಕ್ಕೆ. 2009ರಲ್ಲಿ ಸ್ಟರ್ಜನ್ ಪ್ರಕರಣದಲ್ಲಿ ಯೂರೋಪಿನ ನ್ಯಾಯಾಲಯ, ಮೂರು ಗಂಟೆ ಅಥವಾ ಹೆಚ್ಚು ತಡವಾಗಿ ತಲುಪಿದವರಿಗೂ ಅದೇ ಪರಿಹಾರ ಕೊಡಬೇಕು ಅಂದಿತು. 1,500 ಕಿಲೋಮೀಟರ್‌ವರೆಗೆ 250 ಯೂರೋ, 3,500ರವರೆಗೆ 400, ಅದಕ್ಕೂ ದೂರಕ್ಕೆ 600. ಫ್ರಾಂಕ್‌ಫರ್ಟ್‌ನಿಂದ ಬೆಂಗಳೂರು ಏಳು ಸಾವಿರ ಕಿಲೋಮೀಟರ್‌ಗೂ ಹೆಚ್ಚು. ಈ ದೂರಕ್ಕೆ ತಡ ಮೂರರಿಂದ ನಾಲ್ಕು ಗಂಟೆ ಇದ್ದರೆ ಅರ್ಧಕ್ಕೆ ಇಳಿಸಬಹುದು. ಐದು ಗಂಟೆ ಆದದ್ದರಿಂದ ಪೂರ್ತಿ. ಹೊತ್ತನ್ನು ಎಣಿಸುವುದು ಚಕ್ರ ನೆಲ ಮುಟ್ಟಿದಾಗ ಅಲ್ಲ, ಇಳಿಯಲು ಬಾಗಿಲು ತೆರೆದಾಗ. ಇದೂ 2014ರ ಒಂದು ತೀರ್ಪು. ಎರಡು ಗಂಟೆ ಐವತ್ತೈದು ನಿಮಿಷ ತಡ ಅಂತ ಏರ್‌ಲೈನ್ ಹೇಳುವ ಕಡೆ, ಚಕ್ರ ನೆಲ ಮುಟ್ಟಿ ಬಾಗಿಲು ತೆರೆಯುವವರೆಗಿನ ಐದೋ ಹತ್ತೋ ನಿಮಿಷಕ್ಕೆ ನೂರಾರು ಯೂರೋ ಬೆಲೆ ಇದೆ.

ತಾಂತ್ರಿಕ ದೋಷ ಅಂದರಲ್ಲ, ಅದು ನೆಪವಾಗುವುದಿಲ್ಲ. ವಿಮಾನ ಓಡಿಸುವ ವ್ಯವಹಾರದಲ್ಲಿ ಯಂತ್ರ ಕೆಡುವುದು ಮಾಮೂಲು, ಅದು ಅಸಾಧಾರಣ ಸಂದರ್ಭವಲ್ಲ ಅಂತ 2008ರಲ್ಲೇ ತೀರ್ಪಾಗಿದೆ. ತಯಾರಿಕೆಯಲ್ಲೇ ಇದ್ದ ಗುಪ್ತ ದೋಷ, ಯಾರೋ ಬೇಕೆಂದೇ ಹಾಳು ಮಾಡಿದ್ದು, ಹಕ್ಕಿ ಬಡಿದದ್ದು ಇಂಥವು ಬೇರೆ. ಏರ್‌ಲೈನ್‌ನ ಸ್ವಂತ ಸಿಬ್ಬಂದಿ ಮುಷ್ಕರ ಮಾಡಿದರೂ ಪರಿಹಾರ ಕೊಡಬೇಕಾಗುತ್ತದೆ. ನಮ್ಮ ನಿಯಮ ಮುಷ್ಕರವನ್ನು ವಿನಾಯಿತಿಯ ಪಟ್ಟಿಯಲ್ಲಿ ಇಟ್ಟಿದೆ, ಅಲ್ಲಿನ ನ್ಯಾಯಾಲಯ ಇಟ್ಟಿಲ್ಲ. ಕಾರಣವನ್ನು ಸಾಬೀತು ಮಾಡುವ ಹೊರೆ ಅಲ್ಲಿ ಪೂರ್ತಿ ಏರ್‌ಲೈನ್‌ನದು.

ತಂಗಿ ಮಾಡಬೇಕಾದ್ದು ಇಷ್ಟು. ವಿಮಾನ ಓಡಿಸಿದ ಏರ್‌ಲೈನ್‌ನ ವೆಬ್‌ಸೈಟ್‌ನಲ್ಲಿ ಪರಿಹಾರದ ಫಾರ್ಮ್ ಇರುತ್ತದೆ. ಟಿಕೆಟ್ ಮಾರಿದವರಲ್ಲ, ಓಡಿಸಿದವರು. ಬೋರ್ಡಿಂಗ್ ಪಾಸ್, ಬುಕಿಂಗ್ ನಂಬರ್, ತಲುಪಿದ ಹೊತ್ತು, ಬ್ಯಾಂಕ್ ವಿವರ ಹಾಕಿ, 261/2004ರ ಪ್ರಕಾರ 600 ಯೂರೋ ಕೊಡಿ ಅಂತ ಎರಡು ಸಾಲು ಬರೆದರೆ ಸಾಕು. ವೋಚರ್ ಕೊಡುತ್ತೇವೆ ಅಂದರೆ ಬೇಡ ಅನ್ನಲಿ, ಪ್ರಯಾಣಿಕರು ಸಹಿ ಮಾಡಿ ಒಪ್ಪದೆ ವೋಚರ್ ಕೊಡುವಂತಿಲ್ಲ. ಎರಡು ತಿಂಗಳಾದರೂ ಉತ್ತರ ಬಾರದಿದ್ದರೆ, ಅಥವಾ ಆಗುವುದಿಲ್ಲ ಅಂದರೆ, ಜರ್ಮನಿಯಲ್ಲಿ ಪ್ರಯಾಣಿಕರಿಗೆ ಪುಕ್ಕಟೆಯಾಗಿ ರಾಜಿ ಮಾಡಿಸುವ ಸಂಸ್ಥೆ ಇದೆ, ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ನಾವು ಕೊಡಿಸುತ್ತೇವೆ ಅನ್ನುವ ಖಾಸಗಿ ಕಂಪನಿಗಳು ಕಾಲು ಭಾಗವೋ ಮೂರನೇ ಒಂದು ಭಾಗವೋ, ಕೆಲವು ಸಲ ಅದಕ್ಕೂ ಜಾಸ್ತಿಯೋ ಕಮಿಷನ್ ತೆಗೆದುಕೊಳ್ಳುತ್ತವೆ. ಇಷ್ಟು ಸ್ಪಷ್ಟ ಇರುವ ಪ್ರಕರಣವನ್ನು ಸುಮ್ನೆ ಅವರಿಗೆ ಕೊಡಬೇಡಿ. ಟಿಕೆಟ್ ದುಡ್ಡು ತಂಗಿಯ ಆಫೀಸ್ ಕೊಟ್ಟಿದ್ದರೂ ಪರಿಹಾರ ಪ್ರಯಾಣ ಮಾಡಿದವರದ್ದೇ. ಐಟಿ ಕಂಪನಿಗಳಲ್ಲಿ ಇದು ಗೊತ್ತಿಲ್ಲದೆ ಬಿಟ್ಟವರು ಬಹಳ.

ಬ್ರಿಟನ್‌ನಲ್ಲೂ ಹೆಚ್ಚೂಕಡಿಮೆ ಇದೇ ನಿಯಮ, ಹಣ 220, 350, 520 ಪೌಂಡ್. ಅಮೆರಿಕದಲ್ಲಿ ತಡಕ್ಕೆ ಇಂತಿಷ್ಟು ಅಂತ ಪರಿಹಾರ ಇಲ್ಲ, ರದ್ದಾದರೆ ರೀಫಂಡ್ ಮಾತ್ರ. ಮಂಗಳೂರಿನಿಂದ ದುಬೈ, ದಮ್ಮಾಮ್ ಕಡೆ ಓಡಾಡುವವರು ಕೇಳುತ್ತಿರುತ್ತಾರೆ. ಅವರಿಗೆ ಸಿಗುವುದು 1999ರ ಮಾಂಟ್ರಿಯಲ್ ಒಪ್ಪಂದ, ಭಾರತ ಅದಕ್ಕೆ ಸೇರಿದ್ದು 2009ರಲ್ಲಿ. ಅದರಲ್ಲಿ ನಿಗದಿತ ಮೊತ್ತ ಇಲ್ಲ. ತಡದಿಂದ ಆದ ನಷ್ಟವನ್ನು ಬಿಲ್ ಸಮೇತ ತೋರಿಸಬೇಕು. ತಪ್ಪಿಸಲು ಸಾಧ್ಯವಿದ್ದ ಕ್ರಮವನ್ನೆಲ್ಲ ತೆಗೆದುಕೊಂಡಿದ್ದೆವು ಅಂತ ಏರ್‌ಲೈನ್ ಸಾಬೀತು ಮಾಡದಿದ್ದರೆ ಕೊಡಬೇಕು. ಒಪ್ಪಂದದ ಮೇಲಿನ ಮಿತಿ 2024ರ ಡಿಸೆಂಬರ್ 28ರಿಂದ 6,303 ಎಸ್‌ಡಿಆರ್ (ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನ), ನಮ್ಮ ಹಣದಲ್ಲಿ ಏಳು ಲಕ್ಷ ದಾಟುತ್ತದೆ. ಕೆಲಸಕ್ಕೆ ಸೇರುವ ದಿನ ತಪ್ಪಿ ಸಂಬಳ ಕಡಿತವಾಯಿತು, ವೀಸಾ ಅವಧಿ ಮುಗಿದು ದಂಡ ಕಟ್ಟಿದೆ ಅನ್ನುವಂಥ ನಷ್ಟವನ್ನು ಇದರಡಿ ಕೇಳಬಹುದು. ಕಾಗದ ಇರಬೇಕು.

ಮತ್ತೆ ಹುಬ್ಬಳ್ಳಿಗೆ ಬರುತ್ತೇನೆ, ನೀವು ಈಗ ಏನು ಮಾಡಬೇಕು ಅಂತ. ಕಾಲ್ ಸೆಂಟರ್‌ಗೆ ಫೋನ್ ಮಾಡುವುದು ನಿಲ್ಲಿಸಿ. ಪ್ರತಿ ಏರ್‌ಲೈನ್ ವೆಬ್‌ಸೈಟ್‌ನಲ್ಲಿ ದೂರು ನೋಡಿಕೊಳ್ಳುವ ನೋಡಲ್ ಅಧಿಕಾರಿ, ಅವರ ಮೇಲೆ ಮೇಲ್ಮನವಿ ಅಧಿಕಾರಿಯ ಇಮೇಲ್ ಇರುತ್ತದೆ. ನೋಡಲ್ ಅಧಿಕಾರಿಗೆ ಒಂದು ಪುಟ ಮೀರದ ಮೇಲ್ ಬರೆಯಿರಿ. ಪಿಎನ್‌ಆರ್, ದಿನಾಂಕ, ಎಸ್‌ಎಂಎಸ್ ಬಂದ ಹೊತ್ತು, ಅದರಲ್ಲಿದ್ದ ಕಾರಣ, ಆಮೇಲೆ ಫೋನಿನಲ್ಲಿ ಹೇಳಿದ ಕಾರಣ ಬೇರೆ ಅನ್ನುವುದು, ಹವಾಮಾನವೇ ಕಾರಣವಾದರೆ ಅದರ ದಾಖಲೆ ಕೊಡಿ ಅನ್ನುವ ಬೇಡಿಕೆ, 7,900ರ ಲೆಕ್ಕ. ಎಸ್‌ಎಂಎಸ್‌ನ ಸ್ಕ್ರೀನ್‌ಶಾಟ್, ಟಿಕೆಟ್, ಟ್ಯಾಕ್ಸಿ ಬಿಲ್ ಅಥವಾ ಯುಪಿಐ ಪಾವತಿಯ ದಾಖಲೆ ಲಗತ್ತಿಸಿ. ಸಿಟ್ಟಿನ ಮಾತು ಬೇಡ. ಆ ಮೇಲ್ ನಾಳೆ ಆಯೋಗದ ಮುಂದೆ ನಿಮ್ಮ ಪರವಾಗಿ ಓದಲ್ಪಡುತ್ತದೆ ಅಂತ ಅಂದುಕೊಂಡು ಬರೆಯಿರಿ.

ಸರಿಯಾದ ಉತ್ತರ ಬಾರದಿದ್ದರೆ ಕೇಂದ್ರ ವಿಮಾನಯಾನ ಸಚಿವಾಲಯದ ಏರ್‌ಸೇವಾದಲ್ಲಿ ದೂರು ದಾಖಲಿಸಿ, ಆ್ಯಪ್‌ನಲ್ಲೇ ಆಗುತ್ತದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಹೇಳಬಹುದು, ಕನ್ನಡದಲ್ಲಿ ಮಾತಾಡಬಹುದು. ಸಣ್ಣ ಮೊತ್ತದ ಬಹಳಷ್ಟು ಪ್ರಕರಣ ಈ ಎರಡು ಕಡೆಯೇ ಮುಗಿಯುತ್ತವೆ. ಆಗಲಿಲ್ಲ ಅಂದರೆ ಧಾರವಾಡದ ಜಿಲ್ಲಾ ಗ್ರಾಹಕ ಆಯೋಗ. ಟಿಕೆಟ್‌ನ ಷರತ್ತಿನಲ್ಲಿ ‘ವ್ಯಾಜ್ಯಗಳು ಇಂಥ ಊರಿನ ನ್ಯಾಯಾಲಯದಲ್ಲಿ ಮಾತ್ರ’ ಅಂತ ಬರೆದಿರುತ್ತಾರೆ. ಅದನ್ನು ನೋಡಿ ಹೆದರಬೇಡಿ. 2019ರ ಗ್ರಾಹಕ ರಕ್ಷಣಾ ಕಾಯ್ದೆ ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಲು ಅವಕಾಶ ಕೊಟ್ಟಿದೆ. ನೀವು ಕೊಟ್ಟ ಬೆಲೆ ಐದು ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ. ವಕೀಲರೇ ಬೇಕು ಅಂತಿಲ್ಲ. ಗ್ರಾಹಕ ಆಯೋಗಗಳ ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ತಿಂಗಳುಗಟ್ಟಲೆ ಹಿಡಿಯಬಹುದು, ಅದಕ್ಕೆ ಸಿದ್ಧರಿರಿ. ಟಿಕೆಟ್ ಅಪ್ಪ-ಅವ್ವನ ಹೆಸರಿನಲ್ಲಿದೆ, ಆದ್ದರಿಂದ ದೂರುದಾರರು ಅವರೇ ಆಗಿರಲಿ.

ಈ ನಡುವೆ ಏರ್‌ಲೈನ್‌ನ ನಂಬರ್ ಅಂತ ಗೂಗಲ್‌ನಲ್ಲಿ ಸಿಕ್ಕಿದ್ದಕ್ಕೆಲ್ಲ ಫೋನ್ ಮಾಡಬೇಡಿ. ರೀಫಂಡ್ ಕೊಡುತ್ತೇವೆ, ಈ ಆ್ಯಪ್ ಹಾಕಿಕೊಳ್ಳಿ, ಒಟಿಪಿ ಹೇಳಿ ಅನ್ನುವ ವಂಚಕರು ರದ್ದಾದ ವಿಮಾನಗಳ ಹಿಂದೆಯೇ ಬರುತ್ತಾರೆ. ಹಾಗೇನಾದರೂ ದುಡ್ಡು ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಅವಧಿ: ಗ್ರಾಹಕ ಆಯೋಗಕ್ಕೆ ಘಟನೆಯಾದ ದಿನದಿಂದ ಎರಡು ವರ್ಷ. ಜರ್ಮನಿಯ ಕಾನೂನಿನಲ್ಲಿ ಘಟನೆ ನಡೆದ ವರ್ಷ ಮುಗಿದ ಮೇಲೆ ಮೂರು ವರ್ಷ. ಹಿಂದೆ ಅಲ್ಲಿಂದ ಬಂದಾಗ ಇದೇ ರೀತಿ ತಡವಾದದ್ದು ಇದ್ದರೆ ತಂಗಿ ಹಳೆಯ ಬೋರ್ಡಿಂಗ್ ಪಾಸ್‌ಗಳನ್ನು ಒಮ್ಮೆ ಹುಡುಕಲಿ, ಅವಕ್ಕೂ ಇನ್ನೂ ಅವಧಿ ಇರಬಹುದು.